ಕಿವಿಗೂ ಒಂದಿಷ್ಟು ಅಂಕ ಇಡಿಸಿ: ಶಿಕ್ಷಣ ಸಚಿವರಿಗೆ ಇಂಗ್ಲಿಷ್ ಮೇಷ್ಟ್ರ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನೊಬ್ಬ ಇಂಗ್ಲಿಷ್ ಮೇಷ್ಟ್ರು. ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ, ಪ್ರಶ್ನೆಪತ್ರಿಕೆ ಮಾಡಿಕೊಡುತ್ತೇನೆ, ಪರೀಕ್ಷೆ ಮುಗಿದ ಮೇಲೆ ಕಟ್ಟುಗಟ್ಟಲೆ ಪೇಪರ್ ತಿದ್ದುತ್ತೇನೆ. ತಮ್ಮಲ್ಲಿ ಕೇಳುವುದು ಒಂದೇ. ಇಂಗ್ಲಿಷ್ ಪಬ್ಲಿಕ್ ಪರೀಕ್ಷೆಯಲ್ಲಿ ಮಕ್ಕಳ ಕಿವಿಗೂ ಒಂದು ಪಾಲು ಅಂಕ ಇಡಿಸಿ. ಲೆಕ್ಕ ತುಂಬಿಸುವ ಅಂಕ ಬೇಡ. ನಿಜವಾಗಿ ಕೇಳಿಸಿ, ಕೇಳಿದ್ದು ತಿಳಿಯಿತಾ ಅಂತ ನೋಡಿ ಕೊಡುವ ಅಂಕ ಬೇಕು.

ಯಾಕೆ ಅನ್ನುವುದಕ್ಕೆ ನನ್ನ ತರಗತಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಈಚೆಗೆ ಒಂಬತ್ತನೇ ತರಗತಿಗೆ ಉಕ್ತಲೇಖನ ಕೊಟ್ಟೆ. ಡಿಕ್ಟೇಷನ್ ಅಂದ ಕೂಡಲೇ ಮಕ್ಕಳು ಸ್ಪೆಲ್ಲಿಂಗ್ ಪರೀಕ್ಷೆ ಅಂದುಕೊಂಡು ಪೆನ್ನು ಹಿಡಿದು ಕೂತರು. ನಾನು ಒಂದೊಂದೇ ಪದ ಬಿಡಿಸಿ ಹೇಳಲಿಲ್ಲ. ಜನ ಮಾತಾಡುವ ವೇಗದಲ್ಲೇ ಒಂದು ವಾಕ್ಯ ಹೇಳಿದೆ: 'ಹೀಸ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್.' ಇನ್ನೊಂದು ಸಲವೂ ಹೇಳಿದೆ. ನೋಟ್‌ಬುಕ್ ತರಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬರೆದದ್ದು 'ಹೀ ಲಿವ್ಡ್ ಹಿಯರ್'. ಕೆಲವರದ್ದು 'ಹೀ ಈಸ್ ಲಿವ್ ಹಿಯರ್'. ಒಬ್ಬ ಹುಡುಗಿ 'ಹಿಸ್ ಲೈಫ್ ಹಿಯರ್' ಅಂತ ಬರೆದಿದ್ದಳು.

ಇದೇ ಹುಡುಗಿ ಹಿಂದಿನ ವಾರ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸಿನ ಬಿಟ್ಟ ಸ್ಥಳಗಳಲ್ಲಿ ಹತ್ತಕ್ಕೆ ಹತ್ತು ತೆಗೆದಿದ್ದಳು. ನಾನೇ ಪೇಪರಿನ ಮೇಲೆ 'ವೆರಿ ಗುಡ್' ಅಂತ ಬರೆದಿದ್ದೆ.

ಹಾಗಾದರೆ ಆ ಹತ್ತು ಅಂಕ ಸುಳ್ಳಾ? ಸುಳ್ಳಲ್ಲ, ಆದರೆ ಅದು ಬೇರೆ ಯಾವುದಕ್ಕೋ ಬಂದ ಅಂಕ. ವಾಕ್ಯದಲ್ಲಿ 'ಫಾರ್' ಅಥವಾ 'ಸಿನ್ಸ್' ಕಂಡರೆ 'ಹ್ಯಾಸ್', 'ಹ್ಯಾವ್' ಹಾಕಬೇಕು ಅಂತ ನಾವೇ ಹೇಳಿಕೊಟ್ಟಿದ್ದೇವೆ. ಅವಳು 'ಫಾರ್' ಹುಡುಕಿದಳು, ಸಿಕ್ಕಿತು, ತುಂಬಿದಳು. ಮಾತಿನಲ್ಲಿ ಆ 'ಹ್ಯಾಸ್' ಹಾಗೆ ಎದ್ದು ಕಾಣುವುದಿಲ್ಲ. ಕುಗ್ಗಿ ಕುಗ್ಗಿ ಒಂದು ಚೂರು ಸದ್ದಾಗಿ 'ಹೀ'ಗೆ ಅಂಟಿಕೊಂಡಿರುತ್ತದೆ. ಆ ಚೂರು ಕೇಳದೇ ಹೋದರೆ ಅರ್ಥವೇ ಬದಲಾಗುತ್ತದೆ. 'ಹತ್ತು ವರ್ಷ ಇಲ್ಲಿದ್ದ' ಅಂದರೆ ಆಸಾಮಿ ಹೊರಟುಹೋಗಿದ್ದಾನೆ. 'ಹತ್ತು ವರ್ಷದಿಂದ ಇಲ್ಲಿದ್ದಾನೆ' ಅಂದರೆ ಪಕ್ಕದಲ್ಲೇ ಇದ್ದಾನೆ. ನಮ್ಮ ಪರೀಕ್ಷೆ ಈ ಹುಡುಗಿಗೆ ಪ್ರೆಸೆಂಟ್ ಪರ್ಫೆಕ್ಟ್ ಬರುತ್ತದೆ ಅಂತ ಸರ್ಟಿಫಿಕೇಟ್ ಕೊಟ್ಟಿತ್ತು. ಮಾತಾಡಿದ್ದನ್ನು ಕೇಳಿ ಗುರುತಿಸುವ ಹೊತ್ತಿಗೆ ಅದು ಅವಳ ಕೈಗೆ ಸಿಗಲಿಲ್ಲ.

ಭಾಷೆಯನ್ನು ಹೀಗೆ ತುಂಡು ತುಂಡಾಗಿ ಪರೀಕ್ಷೆ ಮಾಡುವುದು ನಮ್ಮ ಇಲಾಖೆ ಕಂಡುಹಿಡಿದದ್ದೇನಲ್ಲ. 1961ರಲ್ಲಿ ಅಮೆರಿಕದ ಭಾಷಾತಜ್ಞ ರಾಬರ್ಟ್ ಲ್ಯಾಡೊ ಭಾಷಾ ಪರೀಕ್ಷೆಗಳ ಬಗ್ಗೆ ಬರೆದ ಪುಸ್ತಕ ಈ ದಾರಿಗೆ ದೊಡ್ಡ ಬಲ ಕೊಟ್ಟಿತು. ಒಂದು ಪ್ರಶ್ನೆಗೆ ಒಂದೇ ಅಂಶ: ಇಲ್ಲಿ ಒಂದು ಧ್ವನಿ, ಅಲ್ಲಿ ಒಂದು ಪದ, ಮತ್ತೊಂದು ಕಡೆ ಒಂದು ವ್ಯಾಕರಣ ನಿಯಮ. ತಿದ್ದೋದು ಸುಲಭ, ಜಗಳ ಕಮ್ಮಿ. 1970ರ ದಶಕದಲ್ಲಿ ಇನ್ನೊಬ್ಬ ಭಾಷಾತಜ್ಞ ಜಾನ್ ಆಲ್ಲರ್ ಇದನ್ನು ಎದುರು ಹಾಕಿಕೊಂಡರು. ಭಾಷೆ ಬಳಸುವಾಗ ಇವೆಲ್ಲ ಒಟ್ಟಿಗೇ ಕೆಲಸ ಮಾಡುತ್ತವೆ, ಅದನ್ನು ನೋಡಬೇಕಾದರೆ ಉಕ್ತಲೇಖನ, ಪ್ಯಾರಾದಲ್ಲಿ ಅಲ್ಲಲ್ಲಿ ಪದ ಬಿಟ್ಟು ತುಂಬಿಸುವ ಕ್ಲೋಜ್‌ನಂಥ ಪರೀಕ್ಷೆ ಬೇಕು ಅಂತ ವಾದಿಸಿದರು. ಎಲ್ಲ ಸಾಮರ್ಥ್ಯಗಳೂ ಒಂದೇ ಗಂಟು ಅನ್ನುವ ಮಟ್ಟಕ್ಕೆ ಅವರ ವಾದ ಹೋಗಿತ್ತು, ಅದು ಪೂರ್ತಿ ನಿಲ್ಲಲಿಲ್ಲ. ಆದರೆ ಉಕ್ತಲೇಖನ ಬರೀ ಸ್ಪೆಲ್ಲಿಂಗ್ ನೋಡುವುದಲ್ಲ ಅನ್ನುವುದಕ್ಕೆ ನನ್ನ ಒಂಬತ್ತನೇ ತರಗತಿಯೇ ಸಾಕ್ಷಿ. ವಿದೇಶದಲ್ಲಿ ಓದಲು ಹೋಗುವವರು ಬರೆಯುವ, 1964ರಲ್ಲಿ ಶುರುವಾದ ಟೋಫೆಲ್ ಇಂಗ್ಲಿಷ್ ಪರೀಕ್ಷೆ ಕೂಡ 2005ರಲ್ಲಿ ಇಂಟರ್ನೆಟ್‌ಗೆ ಬಂದಾಗ, ವ್ಯಾಕರಣಕ್ಕೇ ಅಂತ ಇದ್ದ ಪ್ರತ್ಯೇಕ ಭಾಗವನ್ನು ಕೈಬಿಟ್ಟು ಮಾತಾಡುವ ಭಾಗವನ್ನು ಸೇರಿಸಿಕೊಂಡಿತು.

ನಾವು ಮಾತ್ರ ಇನ್ನೂ 'ಐ ವ್ರೋಟ್ ಎ ಲೆಟರ್' ಅನ್ನುವುದನ್ನು 'ಎ ಲೆಟರ್ ವಾಸ್ ರಿಟನ್ ಬೈ ಮಿ' ಮಾಡಿಸುತ್ತಿದ್ದೇವೆ. ಹೀಗೆ ಯಾರಾದರೂ ಹೇಳುತ್ತಾರಾ? ಕನ್ನಡದಲ್ಲಿ 'ನನ್ನಿಂದ ಪತ್ರ ಬರೆಯಲ್ಪಟ್ಟಿತು' ಅಂದರೆ ಎಷ್ಟು ವಿಚಿತ್ರವೋ ಅಷ್ಟೇ ವಿಚಿತ್ರ. ಪ್ಯಾಸಿವ್ ಬೇಕಾಗುವುದು ಯಾರು ಮಾಡಿದರು ಅಂತ ಗೊತ್ತಿಲ್ಲದಾಗ, ಇಲ್ಲವೇ ಅದು ಮುಖ್ಯ ಅಲ್ಲದಾಗ. ಸೈಕಲ್ ಕಳವಾದ ಸುದ್ದಿಯ ಒಂದು ಪ್ಯಾರಾ ಕೊಟ್ಟು, ನಾಲ್ಕು ಕಡೆ ಕ್ರಿಯಾಪದ ಬಿಟ್ಟು ತುಂಬಿಸಲು ಹೇಳಿದರೆ ಮಗುವಿಗೆ ಅದು ಎಲ್ಲಿ ಬೇಕು ಅನ್ನುವುದು ತಿಳಿದಿದೆಯಾ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪ್ಯಾರಾದಲ್ಲಿ ಪದ ಬಿಡುವ ಕ್ಲೋಜ್ ವಿಧಾನವನ್ನು 1953ರಲ್ಲಿ ವಿಲ್ಸನ್ ಟೇಲರ್ ತಂದದ್ದು ಬರಹ ಓದಲು ಎಷ್ಟು ಸುಲಭ ಅಂತ ಅಳೆಯಲು. ಭಾಷೆ ಕಲಿಯುವವರ ಪರೀಕ್ಷೆಗೆ ಅದು ಬಂದದ್ದು ಆಮೇಲೆ. ಅದರಲ್ಲಿ ಒಂದೇ ಜಾಗಕ್ಕೆ ಎರಡು ಮೂರು ಪದ ಹೊಂದಬಹುದು. ನಾನು ಪೇಪರ್ ತಿದ್ದಲು ಹೋದ ಒಂದು ಕಡೆ ಕೀ ಉತ್ತರ 'ಬಿಗ್' ಅಂತಿತ್ತು. ಮಕ್ಕಳು 'ಲಾರ್ಜ್' ಅಂತ ಬರೆದಿದ್ದರು. ಪಕ್ಕದ ಟೇಬಲ್ಲಿನವರು ಸರಾಗವಾಗಿ ತಪ್ಪು ಹಾಕುತ್ತಾ ಹೋದರು. ಕೇಳಿದರೆ 'ಕೀಯಲ್ಲಿ ಇಲ್ವಲ್ಲ ಸಾರ್' ಅಂದರು. ಅವರದ್ದೂ ತಪ್ಪಲ್ಲ, ಕೀಯಲ್ಲಿ ಇಲ್ಲದ್ದಕ್ಕೆ ಅಂಕ ಕೊಟ್ಟರೆ ನಾಳೆ ಅವರೇ ಉತ್ತರ ಹೇಳಬೇಕು. ಒಪ್ಪಬಹುದಾದ ಉತ್ತರಗಳ ಪಟ್ಟಿ ಇಲ್ಲದೆ ಇಂಥ ಪ್ರಶ್ನೆ ಹಾಕಿದರೆ ಜಾಣ ಮಕ್ಕಳಿಗೇ ಏಟು.

ಪದಗಳ ವಿಷಯಕ್ಕೆ ಬರುತ್ತೇನೆ. ವಿರುದ್ಧಪದ ಬರೆಯಿರಿ, ಸಮಾನಾರ್ಥಕ ಪದ ಆರಿಸಿ. ಪಾಠದಲ್ಲಿ ಕಂಡ ಅಪರೂಪದ ಪದಗಳನ್ನೇ ಹುಡುಕಿ ಕೇಳುತ್ತೇವೆ. ಹೀಗಾಗಿ 'ಮ್ಯಾಗ್ನಾನಿಮಸ್' ಬಾಯಿಪಾಠ ಇರುವ ಮಗುವಿಗೆ 'ಗೆಟ್ ಆಫ್' ಅಂದರೆ ಇಳಿಯೋದು ಅಂತ ಗೊತ್ತಿರುವುದಿಲ್ಲ. ಯಾವ ಪದ ಮೊದಲು ಕಲಿಯಬೇಕು ಅನ್ನುವುದಕ್ಕೆ ಜಗತ್ತಿನಲ್ಲಿ ಸಾಕಷ್ಟು ಕೆಲಸ ಆಗಿದೆ. ಮೈಕೆಲ್ ವೆಸ್ಟ್ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲೇ ಪ್ರಕಟಿಸಿದರು. ಪಾಲ್ ನೇಷನ್ 1983ರಲ್ಲಿ ಪದಗಳನ್ನು ಬಳಕೆಯ ಮಟ್ಟದ ಪ್ರಕಾರ ವಿಂಗಡಿಸಿ, ಯಾವ ಮಟ್ಟದವರೆಗೆ ಕಲಿತಿದ್ದಾರೆ ಅಂತ ತಿಳಿಯುವ ಪರೀಕ್ಷೆ ಮಾಡಿದರು. ಇವನ್ನು ಮುಂದಿಟ್ಟುಕೊಂಡು ಪ್ರಶ್ನೆ ತೆಗೆದರೆ ಪ್ರಶ್ನೆ ಮಾಡುವವರ ಖಯಾಲಿಗೆ ಒಂದು ಲಗಾಮು ಇರುತ್ತದೆ.

ಇನ್ನೊಂದು ವಿಧಾನ ಇದೆ, ನನಗೆ ಭಾರಿ ಇಷ್ಟ. ಒಂದಷ್ಟು ಪದ ಕೊಟ್ಟು ಗೊತ್ತಿರುವುದಕ್ಕೆ ಟಿಕ್ ಹಾಕಲು ಹೇಳುವುದು. ನಡುವೆ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲದ ಹುಸಿ ಪದಗಳನ್ನು ಸೇರಿಸುವುದು. ಹುಸಿ ಪದಕ್ಕೂ ಟಿಕ್ ಹಾಕಿದರೆ ಅಂಕ ಕಡಿಮೆ. ನಾನು ನಲವತ್ತು ಪದಗಳಲ್ಲಿ ಹತ್ತು ಹುಸಿ ಪದ ಸೇರಿಸಿದೆ. ಒಬ್ಬ ಹುಡುಗ ನಲವತ್ತಕ್ಕೂ ಟಿಕ್ ಹಾಕಿದ. 'ಪ್ಲಂಡಿಶ್ ಅಂದ್ರೆ ಏನೋ?' ಅಂದೆ. 'ಡಿಶ್ ಅಂತ ಇದೆಯಲ್ಲ ಸಾರ್, ಯಾವುದೋ ತಟ್ಟೆ ಇರ್ಬೇಕು' ಅಂದ. ಹುಡುಗ ಜಾಣ, ಅದರಲ್ಲಿ ಅನುಮಾನ ಇಲ್ಲ. ಆದರೆ ಪಬ್ಲಿಕ್ ಪರೀಕ್ಷೆಗೆ ಈ ವಿಧಾನ ಬೇಡ. ಅಂಕದ ಆಸೆ ಬಂದ ಕೂಡಲೇ ಟಿಕ್ ಹಾಕುವ ಕೈ ಬೇರೆ ಥರ ಓಡುತ್ತದೆ. ವರ್ಷದ ಶುರುವಿನಲ್ಲಿ ಮಕ್ಕಳು ಎಲ್ಲಿದ್ದಾರೆ ಅಂತ ತಿಳಿಯಲು ಮಾತ್ರ ಚೆನ್ನಾಗಿದೆ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲೂ ಅದೃಷ್ಟದ ಪಾಲಿದೆ. 20 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 5 ಸರಿಯಾಗುತ್ತವೆ. ಉದ್ದದ ಆಯ್ಕೆಯೇ ಸರಿ ಉತ್ತರ ಅನ್ನುವುದು ಮಕ್ಕಳ ನಡುವೆ ಹಳೇ ಗುಟ್ಟು, ನಮ್ಮ ಪೇಪರುಗಳಲ್ಲಿ ಎಷ್ಟೋ ಸಲ ನಿಜ ಕೂಡ.

ಈಗ ಕಿವಿಯ ವಿಚಾರ. ಪಠ್ಯಕ್ರಮದಲ್ಲಿ ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ಅಂತ ನಾಲ್ಕೂ ಇದೆ, ಆಲಿಸುವುದೇ ಮೊದಲು. ಅದಕ್ಕೆ ಆಂತರಿಕ ಅಂಕವೂ ಇದೆ. ಆ ಅಂಕ ಹೇಗೆ ಬೀಳುತ್ತದೆ ಅಂತ ತಮಗೂ ಗೊತ್ತಿರಬಹುದು. ಕೊನೇ ವಾರ ಕೂತು ಎಲ್ಲರಿಗೂ ಪೂರ್ತಿ, ಅನುಮಾನ ಬಾರದಿರಲಿ ಅಂತ ನಾಲ್ಕೈದು ಜನರಿಗೆ ಒಂದು ಕಮ್ಮಿ. ಬೇರೆಯವರ ಮೇಲೆ ಬೆರಳು ತೋರಿಸುತ್ತಿಲ್ಲ. ನಾನೂ ಹಾಗೇ ಹಾಕಿದ್ದೇನೆ.

ಪರೀಕ್ಷೆಯಲ್ಲಿ ಧ್ವನಿ ಕೇಳಿಸುವುದು ಆಗದ ಮಾತು ಅಂತ ತಮ್ಮ ಅಧಿಕಾರಿಗಳು ಹೇಳಬಹುದು. ಆದರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಸುಮಾರು 30 ನಿಮಿಷ, 40 ಪ್ರಶ್ನೆ, ಧ್ವನಿ ಕೇಳಿಸುವುದು ಒಂದೇ ಸಲ. ನಮ್ಮ ಮಕ್ಕಳಿಗೆ ಅಷ್ಟು ಕಠಿಣ ಬೇಡ. 15 ನಿಮಿಷ, 10 ಪ್ರಶ್ನೆ, ಎರಡು ಸಲ ಕೇಳಿಸಲಿ. ಕೇಳಿಸುವ ಮೊದಲು ಪ್ರಶ್ನೆ ಓದಿಕೊಳ್ಳಲು ಸಮಯ ಕೊಡಲಿ. ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ಐದು ನಿಮಿಷದ ಭಾಷಣ ಕೇಳಿಸಿ, ಆಮೇಲೆ ಪ್ರಶ್ನೆ ಎಸೆದರೆ ಅದು ನೆನಪಿನ ಪರೀಕ್ಷೆ ಆಗುತ್ತದೆ. ದಾರಿ ಹೇಳುವುದು, ಫೋನಿನಲ್ಲಿ ನಂಬರ್ ಬರೆದುಕೊಳ್ಳುವುದು, ಹೊರಡುವ ಸಮಯ ಬದಲಾದ ಪ್ರಕಟಣೆ, ಇಬ್ಬರು ಸ್ನೇಹಿತರ ಮಾತು. ಇಷ್ಟು ಸಾಕು. 'ಕ್ಯಾನ್' ಅಂದರೋ 'ಕಾಂಟ್' ಅಂದರೋ, 'ಥರ್ಟೀನ್' ಅಂದರೋ 'ಥರ್ಟಿ' ಅಂದರೋ ಅನ್ನುವಲ್ಲೇ ನಿಜವಾದ ಜೀವನ ತಪ್ಪಿಹೋಗುವುದು.

ಪ್ರಶ್ನೆ ಚೆನ್ನಾಗಿದೆಯಾ ಅಂತ ನೋಡಲು ಖರ್ಚಿಲ್ಲದ ಒಂದು ಉಪಾಯ ಇದೆ. ಧ್ವನಿ ಕೇಳಿಸದೆಯೇ ಬರೀ ಪ್ರಶ್ನೆ ಕೊಟ್ಟು ಮಕ್ಕಳಿಂದ ಉತ್ತರ ಬರೆಸಿ. ಅದೃಷ್ಟಕ್ಕಿಂತ ಜಾಸ್ತಿ ಅಂಕ ಬಂದರೆ ಆ ಪ್ರಶ್ನೆಗೆ ಕಿವಿಯೇ ಬೇಕಿಲ್ಲ, ತೆಗೆದು ಹಾಕಿ. ನಾನು ಮಾಡಿದ ಮೊದಲ ಹತ್ತು ಪ್ರಶ್ನೆಗಳಲ್ಲಿ ನಾಲ್ಕು ಹೀಗೇ ಬಿದ್ದುಹೋದವು. ಒಂದರಲ್ಲಂತೂ ಎರಡನೇ ಪ್ರಶ್ನೆಯ ಉತ್ತರ ಐದನೇ ಪ್ರಶ್ನೆಯೊಳಗೇ ಕೂತಿತ್ತು.

ಕಿವಿ ಸರಿಯಾಗಿ ಕೇಳಿಸದ ಮಕ್ಕಳಿಗೆ ಬೇರೆ ವ್ಯವಸ್ಥೆ ಮೊದಲೇ ಆಗಬೇಕು. ಕೊನೆಗೆ ನೆನಪಾಗಿ ತೇಪೆ ಹಾಕುವುದಲ್ಲ. ಕರೆಂಟ್ ಹೋದರೆ ಬ್ಯಾಟರಿಯ ಸ್ಪೀಕರ್, ಅದೂ ಕೆಟ್ಟರೆ ಮೇಲ್ವಿಚಾರಕರು ಓದಿ ಹೇಳಲು ಮುದ್ರಿತ ಪ್ರತಿ. ಓದಿ ಹೇಳುವವರ ಉಚ್ಚಾರ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ ಅನ್ನುವುದು ನಿಜ, ಆದರೆ ಏನೂ ಕೇಳಿಸದೇ ಇರುವುದಕ್ಕಿಂತ ಮೇಲು. 1913ರಲ್ಲಿ ಕೇಂಬ್ರಿಜ್‌ನವರು ಶುರುಮಾಡಿದ ಇಂಗ್ಲಿಷ್ ಪರೀಕ್ಷೆಯಲ್ಲೇ ಉಕ್ತಲೇಖನ, ಸಂಭಾಷಣೆ ಎರಡೂ ಇದ್ದವು, ಸ್ಪೀಕರ್ ಇಲ್ಲದ ಕಾಲದಲ್ಲಿ. ಸುಮಾರು 12 ಗಂಟೆಯ ಪರೀಕ್ಷೆ ಅದು. ಬರೆದವರು ಮೂರೇ ಜನ, ಮೂವರೂ ಫೇಲು. ಅಷ್ಟು ದೂರ ಹೋಗೋಣ ಅಂತ ನಾನು ಹೇಳುತ್ತಿಲ್ಲ.

ಪರೀಕ್ಷೆ ಬದಲಾಯಿಸಿದರೆ ಪಾಠ ತಾನಾಗಿ ಬದಲಾಗುತ್ತದೆ ಅಂತಲೂ ನಾನು ಭರವಸೆ ಕೊಡಲಾರೆ. ಡಯಾನ್ ವಾಲ್, ಚಾರ್ಲ್ಸ್ ಆಲ್ಡರ್ಸನ್ ಇಬ್ಬರೂ ಶ್ರೀಲಂಕಾದ ಶಾಲೆಗಳಲ್ಲಿ ಹೊಸ ಇಂಗ್ಲಿಷ್ ಪರೀಕ್ಷೆಯ ಪರಿಣಾಮ ಗಮನಿಸಿ 1993ರಲ್ಲಿ ಬರೆದರು. ಮೇಷ್ಟ್ರುಗಳು ಏನು ಕಲಿಸುತ್ತಾರೆ ಅನ್ನುವುದು ಬದಲಾಗಿತ್ತು, ಹೇಗೆ ಕಲಿಸುತ್ತಾರೆ ಅನ್ನುವುದು ಅಷ್ಟಾಗಿ ಬದಲಾಗಿರಲಿಲ್ಲ. ನಮ್ಮಲ್ಲೂ ಆಲಿಸುವ ಪ್ರಶ್ನೆಗಳ ಗೈಡ್ ಅಚ್ಚಾಗಿ, ಮಕ್ಕಳು ಅದನ್ನೂ ಬಾಯಿಪಾಠ ಮಾಡುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಪರೀಕ್ಷೆ ಬರುವ ಒಂದು ವರ್ಷ ಮೊದಲೇ ಮಾದರಿ ಧ್ವನಿಗಳು ಎಲ್ಲ ಶಾಲೆಗೂ ಸಿಗಲಿ, ಒಂದೆರಡಲ್ಲ, ನೂರಾರು. ಮೇಷ್ಟ್ರುಗಳಿಗೆ ಎರಡು ದಿನದ ಭಾಷಣ ಬೇಡ, ಕೂತು ಪ್ರಶ್ನೆ ಮಾಡಿ, ಕೇಳಿಸಿ, ತಿದ್ದುವ ಕಾರ್ಯಾಗಾರ ಬೇಕು. ಮೊದಲ ವರ್ಷ ಪರೀಕ್ಷೆ ನಡೆಯಲಿ, ಅಂಕ ಮಾತ್ರ ಲೆಕ್ಕಕ್ಕೆ ಬೇಡ. ಎಲ್ಲರೂ ಸರಿ ಮಾಡಿದ ಪ್ರಶ್ನೆ ಯಾವುದು, ಜಾಣರೇ ತಪ್ಪಿದ ಪ್ರಶ್ನೆ ಯಾವುದು ಅಂತ ನೋಡಿ ಕೆಟ್ಟದ್ದನ್ನು ಬಿಸಾಡೋಣ.

ಉಕ್ತಲೇಖನವನ್ನು ನಾನು ಬಿಟ್ಟಿಲ್ಲ, ವಾರಕ್ಕೆರಡು ಸಲ ಐದೈದು ವಾಕ್ಯ. ಆ ಹುಡುಗಿ ಈಗ ಬರೆಯುವ ಮೊದಲು ಕೈ ಎತ್ತುತ್ತಾಳೆ. 'ಸಾರ್, ಹೀ ಆದ್ಮೇಲೆ ಏನೋ ಇತ್ತಲ್ವಾ, ಇನ್ನೊಂದ್ಸಲ ಹೇಳಿ' ಅನ್ನುತ್ತಾಳೆ. ಕೆಲವು ಸಲ ಅಲ್ಲಿ ಏನೂ ಇರುವುದಿಲ್ಲ. ಆದರೂ ಕೇಳುತ್ತಾಳೆ.

ಮುಂದಿನ ಸಾಲಿನ ಪ್ರಶ್ನೆಪತ್ರಿಕೆಯ ಮಾದರಿ ನಿರ್ಧರಿಸುವ ಸಭೆಯಲ್ಲಿ ಈ ಪತ್ರವನ್ನು ಒಮ್ಮೆ ಓದಿಸಿ. ಮಾದರಿ ಧ್ವನಿ ರೆಕಾರ್ಡ್ ಮಾಡುವ ಕೆಲಸಕ್ಕೆ ಮೇಷ್ಟ್ರುಗಳು ಬೇಕಿದ್ದರೆ ಹೇಳಿಕಳಿಸಿ, ರಜೆ ಇದ್ದರೂ ಬರುತ್ತೇನೆ. ನಾಲ್ಕು ಪ್ರಶ್ನೆ ಬಿದ್ದುಹೋದ ಮೇಲೆ ನನ್ನ ಹತ್ತಿರ ಉಳಿದಿರುವ ಆರನ್ನೂ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇಂಗ್ಲಿಷ್ ಮೇಷ್ಟ್ರು