ಹನ್ನೊಂದನೆಯ ಪುಟವನ್ನೂ ಓದಲು ಕಲಿಸಿದವರಿಗೆ

ಕಳೆದ ವಾರ ಅಪ್ಪ ಮತ್ತೆ ತೋಟಕ್ಕೆ ಇಳಿದ. ಕಿಸೆಯಲ್ಲಿ ಕಣ್ಣಿಗೆ ಹಾಕುವ ಹನಿಯ ಬಾಟಲಿ, ಕೈಯಲ್ಲಿ ಕತ್ತಿ. ಆಯಿ, ಅಂದರೆ ನನ್ನ ಅಮ್ಮ, ಅಂಗಳದ ತುದಿಯವರೆಗೂ ಹಿಂದೆ ಹೋಗಿ ನಿಂತಳು. ಅಪ್ಪ ಅಬ್ಬಿನೀರಿನ ಕಾಲುವೆ ದಾಟಿ ಮೊದಲ ಸಾಲಿನ ಅಡಿಕೆ ಮರವನ್ನು ಮುಟ್ಟಿದ್ದನ್ನು ನಾನು ಜಗಲಿಯಿಂದ ನೋಡಿದೆ. ಕಚೇರಿಯ ಮೇಡಂಗೆ, ತಂಡದವರಿಗೆ, ಊರವರಿಗೆ ಕೃತಜ್ಞತೆ ಹೇಳುವ ಈ ಬರಹ ಬರೆಯಬೇಕೆಂದು ಅಂದೇ ನಿಶ್ಚಯಿಸಿದೆ.

ನನ್ನ ಊರು ಸಿರಸಿಯ ಸಮೀಪ. ಕೆಲಸ ಬೆಂಗಳೂರಿನ ಒಂದು ಔಷಧ ಸೇವಾ ಸಂಸ್ಥೆಯಲ್ಲಿ. ನಾವು ಔಷಧ ತಯಾರಿಸುವುದಿಲ್ಲ. ತಯಾರಿಸುವ ಕಂಪನಿಗಳ ಪರವಾಗಿ, ಆ ಔಷಧ ತೆಗೆದುಕೊಂಡವರಿಗೆ ಏನಾದರೂ ತೊಂದರೆಯಾಯಿತೇ ಎಂಬ ವರದಿಗಳನ್ನು ಓದಿ, ಪರಿಶೀಲಿಸಿ, ನಿಯಂತ್ರಕರಿಗೆ ತಲುಪಿಸುತ್ತೇವೆ. ಇದಕ್ಕೆ ಫಾರ್ಮಕೋವಿಜಿಲೆನ್ಸ್ ಎನ್ನುತ್ತಾರೆ, ನಮ್ಮ ಬಾಯಲ್ಲಿ ಬರೀ ಪಿ.ವಿ. ಮಾಹಿತಿ ಕೈಸೇರಿದ ದಿನ ನಮಗೆ ಡೇ ಝೀರೋ. ತೊಂದರೆ ಗಂಭೀರವೂ ಅನಿರೀಕ್ಷಿತವೂ ಆಗಿದ್ದರೆ ಅಲ್ಲಿಂದ 15 ದಿನಗಳ ಒಳಗೆ ವರದಿ ಹೋಗಬೇಕು. ಇನ್ನೂ ಪ್ರಯೋಗದ ಹಂತದಲ್ಲಿರುವ ಔಷಧದಿಂದ ಸಾವೋ ಪ್ರಾಣಾಪಾಯವೋ ಆಗಿದ್ದರೆ 7 ದಿನಗಳು ಮಾತ್ರ.

ಇಲ್ಲಿಗೆ ಬರುವ ಮೊದಲು ಇನ್ನೊಂದು ಕಡೆ ಎರಡು ವರ್ಷ ದುಡಿದಿದ್ದೆ. ಅಲ್ಲಿ ದಿನಕ್ಕೆ ಎಷ್ಟು ಕೇಸ್ ಮುಗಿಸಿದೆವು ಎಂಬ ಲೆಕ್ಕ ಗೋಡೆಯ ಮೇಲಿರುತ್ತಿತ್ತು, ತಪ್ಪು ಮಾಡಿದವರ ಹೆಸರು ಕೆಂಪು ಅಕ್ಷರದಲ್ಲಿ. ಬೈಗುಳ ಎಲ್ಲರ ಎದುರಿಗೇ. ನಾವೆಲ್ಲ ಬೇಗ ಕಲಿತದ್ದು ತಪ್ಪನ್ನು ಮುಚ್ಚುವುದನ್ನು. ಪಕ್ಕದ ಮೇಜಿನವಳಿಗೆ ನನ್ನ ತಪ್ಪು ಕಂಡರೂ ಅವಳು ಹೇಳುತ್ತಿರಲಿಲ್ಲ, ಅವಳದು ಕಂಡರೆ ನಾನೂ ಹೇಳುತ್ತಿರಲಿಲ್ಲ. ಔಷಧದ ಸುರಕ್ಷತೆ ನೋಡುವ ಜಾಗದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಭಯ ಮಾತ್ರ ಗೊತ್ತಿತ್ತು.

ಅದೇ ಭಯವನ್ನು ಹೊತ್ತು ಇಲ್ಲಿಗೆ ಬಂದೆ. ಮೂರನೆಯ ತಿಂಗಳಲ್ಲಿ ಒಂದು ಕೇಸ್‌ನಲ್ಲಿ ನಾನು ತಪ್ಪಿದೆ. ಹದಿನಾಲ್ಕು ಪುಟಗಳ ಕಡತ. ಮೊದಲ ಪುಟಗಳೆಲ್ಲ ರಕ್ತ ಪರೀಕ್ಷೆಯ ಕೋಷ್ಟಕಗಳು. ಹನ್ನೊಂದನೆಯ ಪುಟದಲ್ಲಿ, ಕೈಬರಹದ ಡಿಸ್ಚಾರ್ಜ್ ಚೀಟಿಯಲ್ಲಿ, ರೋಗಿಯನ್ನು ಆಸ್ಪತ್ರೆಗೆ ಸೇರಿಸಿದ್ದರೆಂಬ ಒಂದು ಸಾಲಿತ್ತು. ಆಸ್ಪತ್ರೆಗೆ ಸೇರಿಸಿದರೆಂದರೆ ಅದು ಗಂಭೀರ ಪ್ರಕರಣ. ನಾನು ಅದನ್ನು ಸಾಮಾನ್ಯವೆಂದು ಗುರುತಿಸಿ ಬದಿಗಿಟ್ಟಿದ್ದೆ. ಕಣ್ಣಿಗೆ ಬಿದ್ದದ್ದು ಹದಿನೇಳನೆಯ ದಿನ.

ನಮ್ಮ ತಂಡವನ್ನು ನಡೆಸುವ ಮೇಡಂ, ನೀವು ಇದನ್ನು ಓದುತ್ತಿದ್ದರೆ, ಆ ಮಧ್ಯಾಹ್ನ ನಿಮ್ಮ ಮೇಜಿನ ಬಳಿ ನಾನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ ಎಂಬುದು ನಿಮಗೂ ನೆನಪಿರಬಹುದು. ಹೇಳಿ ಮುಗಿಸಿದಾಗ ನೀವು ಕೇಳಿದ್ದು ಒಂದೇ: "ಇದೇ ರೀತಿಯ ಕಡತಗಳು ಇನ್ನೆಷ್ಟು ಬಂದಿವೆ? ಬನ್ನಿ, ನೋಡೋಣ." ಕುರ್ಚಿ ಎಳೆದುಕೊಂಡು ಕತ್ತಲಾಗುವ ತನಕ ನನ್ನ ಪಕ್ಕದಲ್ಲಿ ಕುಳಿತಿರಿ. ಇನ್ನೂ ಎರಡು ಸಿಕ್ಕವು. ಎರಡೂ ನನಗಿಂತ ಅನುಭವಿಗಳು ನೋಡಿದ್ದವು. ಕಾರಣದ ಜಾಗದಲ್ಲಿ ನೀವು 'ಸಿಬ್ಬಂದಿಯ ನಿರ್ಲಕ್ಷ್ಯ' ಎಂದು ಬರೆಯಲಿಲ್ಲ. ಆ ಮೂಲದಿಂದ ಬರುವ ಕಡತಗಳಲ್ಲಿ ಡಿಸ್ಚಾರ್ಜ್ ಚೀಟಿ ಕೊನೆಗೆ ಇರುತ್ತದೆ, ನಮ್ಮ ಓದುವ ಕ್ರಮ ಅದಕ್ಕೆ ತಕ್ಕಂತಿಲ್ಲ ಎಂದು ಬರೆದಿರಿ. ಮರುವಾರದಿಂದ ಎಲ್ಲರೂ ಮೊದಲು ಆ ಚೀಟಿಯನ್ನೇ ಹುಡುಕಿ ಓದುವ ಪದ್ಧತಿ ಬಂತು. ಗ್ರಾಹಕ ಕಂಪನಿಯವರೊಂದಿಗಿನ ಸಭೆಯಲ್ಲಿ "ಇದು ನನ್ನ ತಂಡದಲ್ಲಿ ಆದದ್ದು" ಎಂದಿರಿ. ನನ್ನ ಹೆಸರು ಅಲ್ಲಿ ಬರಲೇ ಇಲ್ಲ. ಅಂದು ರಾತ್ರಿ ಬಾಡಿಗೆ ಕೋಣೆಯಲ್ಲಿ ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಕಟ್ಟಿಕೊಂಡಿದ್ದ ಉಸಿರು ಅಂದು ಬಿಟ್ಟಿತು.

ಇನ್ನು 2024ರ ಜುಲೈ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು 66ನೆಯ ಹೆದ್ದಾರಿ ಮುಚ್ಚಿದ್ದ ದಿನಗಳು. ಜಿಲ್ಲೆಗೆ ಜಿಲ್ಲೆಯೇ ಮಳೆಗೆ ಹೆದರಿ ಕುಳಿತಿತ್ತು. ಅಪ್ಪನಿಗೆ ನಾಲ್ಕು ದಿನದಿಂದ ಜ್ವರ, ಕಣ್ಣು ಕೆಂಪು, ಬಾಯಿಯೊಳಗೆಲ್ಲ ಹುಣ್ಣು. ಮಳೆಗಾಲದ ಜ್ವರವೆಂದೇ ಎಲ್ಲರೂ ತಿಳಿದಿದ್ದರು. ರಾತ್ರಿ ಹನ್ನೊಂದಕ್ಕೆ ಆಯಿ ಮೊಬೈಲಿನಲ್ಲಿ ಫೋಟೊ ಕಳಿಸಿದಳು: ಎದೆಯ ಮೇಲೆ ಕಂದು ಕಲೆಗಳು, ಒಂದೆರಡು ಕಡೆ ಬೊಬ್ಬೆ.

"ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ? ಯಾವಾಗಿನಿಂದ?" ಎಂದು ಕೇಳಿದೆ. ಕಚೇರಿಯಲ್ಲಿ ಪ್ರತಿ ಕಡತಕ್ಕೂ ಕೇಳುವ ಪ್ರಶ್ನೆ. ಆಯಿ ಮಾತ್ರೆಯ ಪಟ್ಟಿಯನ್ನು ದೀಪದ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದಳು. ಅಲೋಪ್ಯೂರಿನಾಲ್. ಹೆಬ್ಬೆರಳ ಗಂಟು ನೋವಿಗೆ, ಯೂರಿಕ್ ಆಮ್ಲ ಇಳಿಸಲು ಕೊಟ್ಟದ್ದು. ಮೂರು ವಾರವಾಗಿತ್ತು. ಲಕ್ಷಾಂತರ ಜನರಿಗೆ ಒಳ್ಳೆಯದನ್ನೇ ಮಾಡುವ ಮಾತ್ರೆ ಅದು, ಇದನ್ನು ಓದಿ ಯಾರೂ ತಾವಾಗಿಯೇ ನಿಲ್ಲಿಸಬೇಡಿ. ಆದರೆ ಅಪರೂಪಕ್ಕೆ ಕೆಲವರಲ್ಲಿ, ಹೆಚ್ಚಾಗಿ ಮೊದಲ ಎರಡು ತಿಂಗಳೊಳಗೆ, ಚರ್ಮವೇ ಸುಲಿಯುವಂಥ ಸ್ಟೀವನ್ಸ್–ಜಾನ್ಸನ್ ಎಂಬ ತೊಂದರೆ ತರಬಲ್ಲದು. ಅಂಥ ವರದಿಗಳನ್ನು ನಾನು ಓದಿದ್ದೆ. "ಇನ್ನೊಂದು ಮಾತ್ರೆಯನ್ನೂ ಕೊಡಬೇಡ, ಈಗಲೇ ಹೊರಡಿ" ಎಂದೆ.

ಎಲ್ಲಿಗೆ ಹೊರಡುವುದು? ದೊಡ್ಡ ಆಸ್ಪತ್ರೆ ಬೇಕೆಂದು ನಮ್ಮ ಜಿಲ್ಲೆ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದೆ. ಆ ಮಳೆಯಲ್ಲಿ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಪಕ್ಕದ ಮನೆಯ ಭಾವ ಮುಂಡಗೋಡದ ದಾರಿಯಲ್ಲಿ ಹುಬ್ಬಳ್ಳಿಗೆ ಕಾರು ಓಡಿಸಿದ. ಸುಮಾರು ನೂರು ಕಿಲೋಮೀಟರ್, ಒಂದೇ ಸಮನೆ ಸುರಿಯುವ ಮಳೆ.

ನಾನು ಮೇಡಂಗೆ ಫೋನ್ ಮಾಡಿದಾಗ ಮಧ್ಯರಾತ್ರಿಯ ಹತ್ತಿರ. ಮೂರು ಕೇಸ್‌ಗಳ ಗಡುವು ಆ ವಾರವೇ ಇತ್ತು. "ನೀವು ಹೊರಡಿ, ನಿಮ್ಮ ಪಟ್ಟಿ ನನ್ನ ಬಳಿ ಇದೆ" ಎಂದರು. ಅಷ್ಟೇ. ಬೆಳಿಗ್ಗೆ ನಾನು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ನನ್ನ ತಂಡದ ನಾಲ್ವರು ನನ್ನ ಕೆಲಸವನ್ನೆಲ್ಲ ಹಂಚಿಕೊಂಡಾಗಿತ್ತು. ಗೆಳೆಯರೇ, ಆ ತಿಂಗಳು ನಿಮ್ಮಲ್ಲಿ ಒಬ್ಬರು ತಮ್ಮನ ಉಪನಯನಕ್ಕೂ ಒಂದೇ ದಿನ ರಜೆ ಹಾಕಿ ಬಂದದ್ದು ನನಗೆ ಆಮೇಲೆ ತಿಳಿಯಿತು. ಒಮ್ಮೆಯೂ ಹೇಳಲಿಲ್ಲ ನೀವು.

ಅಪ್ಪ 19 ದಿನ ಆಸ್ಪತ್ರೆಯಲ್ಲಿದ್ದ. ಅಲ್ಲಿನ ದಾದಿಯರನ್ನು ನೆನೆದರೆ ಈಗಲೂ ಕೈ ಮುಗಿಯುತ್ತದೆ. ಸುಟ್ಟ ಗಾಯಕ್ಕೆ ಮಾಡುವಷ್ಟು ಮೆತ್ತಗೆ ಡ್ರೆಸ್ಸಿಂಗ್ ಮಾಡುತ್ತಿದ್ದರು. ಊರಿನಲ್ಲಿ ಅದು ಅಡಿಕೆಗೆ ಕೊಳೆರೋಗ ಬಾರದಂತೆ ಔಷಧಿ ಹೊಡೆಯುವ ಸಮಯ. ಮೈಲುತುತ್ತ, ಸುಣ್ಣ ಎಲ್ಲ ಮನೆಯಲ್ಲೇ ಉಳಿದಿತ್ತು. ಮಳೆ ಹೊಳವಾದ ಎರಡೇ ದಿನಗಳಲ್ಲಿ ಕೇರಿಯವರು ಅಡಿಕೆ ಮರ ಹತ್ತುವ ಕೊನೆಗೌಡನನ್ನು ಕರೆದುಕೊಂಡು ಹೋಗಿ ನಮ್ಮ ತೋಟಕ್ಕೆ ಮೊದಲು ಹೊಡೆಸಿ, ನಂತರ ತಮ್ಮ ತೋಟಕ್ಕೆ ಹೋದರು. ಇದಕ್ಕೆ ಏನೆಂದು ಕೃತಜ್ಞತೆ ಹೇಳಲಿ?

ಆಮೇಲಿನ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಸಂಸ್ಥೆ ಒಪ್ಪಿತು. ಕರೆಂಟು ಹೋದಾಗ, ನೆಟ್‌ವರ್ಕ್ ಇಲ್ಲದಾಗ ತಂಡದವರು ಪಾಳಿ ಅದಲುಬದಲು ಮಾಡಿಕೊಂಡರು. ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದು ಬರೆಯಲಾರೆ. ತ್ರೈಮಾಸಿಕದ ಕೊನೆಯಲ್ಲಿ ಕೆಲಸ ಮಿತಿಮೀರುತ್ತದೆ, ಸಂಬಳದ ಏರಿಕೆ ಸಾಲದೆಂದು ಒಳ್ಳೆಯವರು ಕೆಲವರು ಬಿಟ್ಟು ಹೋಗಿದ್ದಾರೆ. ಇದನ್ನೂ ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಹೇಳಿದ ಮೇಲೂ ನನ್ನ ಕುರ್ಚಿ ಅಲ್ಲೇ ಇದೆ. ಅದಕ್ಕೂ ಧನ್ಯವಾದ.

ಅಪ್ಪನ ಪ್ರಕರಣವನ್ನು ಆಸ್ಪತ್ರೆಯವರ ಮೂಲಕ ನಮ್ಮ ದೇಶದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ವರದಿ ಮಾಡಿದೆವು. 2010ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಕೇಂದ್ರ ಗಾಜಿಯಾಬಾದಿನಲ್ಲಿದೆ. ವೈದ್ಯರಷ್ಟೇ ಅಲ್ಲ, ಯಾರು ಬೇಕಾದರೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಅರ್ಜಿಯಲ್ಲಿ ರೋಗಿಯ ಪೂರ್ಣ ಹೆಸರಿನ ಬದಲು ಮೊದಲಕ್ಷರಗಳು ಮಾತ್ರ. ಅಪ್ಪ ಅದನ್ನು ನೋಡಿ, "ಕೂಸೇ, ಇದರಲ್ಲಿ ನಾನು ಎಲ್ಲಿದ್ದೇನೆ?" ಎಂದು ಕೇಳಿದ. ಬೆರಳಿಟ್ಟು ತೋರಿಸಿದೆ: ಎರಡು ಅಕ್ಷರ, 64 ವರ್ಷ, ಪುರುಷ.

ಸೋಮವಾರ ಕಚೇರಿಗೆ ಬರುತ್ತಿದ್ದೇನೆ. ಹೊಸದಾಗಿ ಸೇರಿದವರಿಗೆ ಡಿಸ್ಚಾರ್ಜ್ ಚೀಟಿ ಓದುವುದನ್ನು ಈ ಬಾರಿ ನಾನೇ ಹೇಳಿಕೊಡಬೇಕೆಂದು ಮೇಡಂ ಹೇಳಿದ್ದಾರೆ. ಆಯಿ ನಾಲ್ಕು ಡಬ್ಬಿಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿ, ಖಾರ ತಿನ್ನದ ಮೇಡಂಗೆಂದು ಬೇರೆಯಾಗಿ ನಮ್ಮ ಕಡೆಯ ಸಿಹಿತಿಂಡಿ ತೊಡೆದೇವು ಕಟ್ಟಿಟ್ಟಿದ್ದಾಳೆ.