ರೈಲ್ವೆ ಎನ್‌ಟಿಪಿಸಿ ಬರೆಯೋರು ಇದನ್ನ ಪೂರ್ತಿ ಓದ್ರಿ

ಎಲ್ಲರಿಗೂ ನಮಸ್ಕಾರ. ಎನ್‌ಟಿಪಿಸಿ, ಅಂದರೆ ರೈಲ್ವೆಯ ಟೆಕ್ನಿಕಲ್ ಅಲ್ಲದ ಹುದ್ದೆಗಳ ಪರೀಕ್ಷೆ ಹೇಗಿರುತ್ತೆ, ಅರ್ಜಿ ಹೇಗೆ ಹಾಕೋದು ಅಂತ ದಿನಾ ಅದೇ ಪ್ರಶ್ನೆ ಬರುತ್ತಿದೆ, ಹಾಗಾಗಿ ಒಂದೇ ಸಲ ಬರೆಯುತ್ತೇನೆ. ಮೊದಲ ಹಂತದ ಸಿಬಿಟಿಯಲ್ಲಿ (ಕಂಪ್ಯೂಟರ್‌ನಲ್ಲಿ ಬರೆಯೋ ಪರೀಕ್ಷೆ) 90 ನಿಮಿಷ, 100 ಪ್ರಶ್ನೆ: ಸಾಮಾನ್ಯ ಜ್ಞಾನ 40, ಗಣಿತ 30, ರೀಸನಿಂಗ್ 30. ಎರಡನೇ ಹಂತಕ್ಕೂ ಅಷ್ಟೇ ಟೈಮು, ಆದರೆ ಪ್ರಶ್ನೆ 120.

ನೆಗೆಟಿವ್ ಮಾರ್ಕ್ಸ್ ಬಗ್ಗೆ ಮಾತ್ರ ಸ್ವಲ್ಪ ಗಮನ ಕೊಡಿ. ಮೂರು ತಪ್ಪಾದರೆ ಒಂದು ಅಂಕ ಹೋಯಿತು. ಮೊನ್ನೆ ಭಾನುವಾರ ಧಾರವಾಡದ ಸಪ್ತಾಪುರದ ರೂಮಿನಲ್ಲಿ ನಾವು ಮಾಕ್ ಟೆಸ್ಟ್ ಬರೆದಾಗ ನಾನು 78 ಟಿಕ್ ಮಾಡಿದ್ದೆ, ಪಕ್ಕದವನು ಬರೀ 60. ಇಬ್ಬರದೂ ಸರಿ ಇದ್ದದ್ದು 54. ನನ್ನವು 24 ತಪ್ಪು, ಅವನವು 6. ನನಗೆ 46 ಬಂತು, ಅವನಿಗೆ 52! ಸುಮ್ನೆ ಅಂದಾಜಿನ ಮೇಲೆ ಟಿಕ್ ಹೊಡೆದು ಕೈ ಸುಟ್ಟುಕೊಂಡೆ.

ಅರ್ಜಿ ತುಂಬುವಾಗ ಭಾಷೆ ಕನ್ನಡ ಅಂತ ಆರಿಸಿ, ಮರೆಯಬೇಡಿ. ಒಬ್ಬರು ಒಂದೇ ಆರ್‌ಆರ್‌ಬಿಗೆ (ರೈಲ್ವೆ ನೇಮಕಾತಿ ಮಂಡಳಿ) ಅರ್ಜಿ ಹಾಕಬೇಕು, ಎರಡು ಕಡೆ ಹಾಕಿದರೆ ಎಲ್ಲವೂ ರದ್ದಾಗುತ್ತೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಮುಖ್ಯ ಕಚೇರಿ ಇದೆ ನಿಜ, ಆದರೆ ನಮಗೆ ಬರೋದು ಬೆಂಗಳೂರು ಆರ್‌ಆರ್‌ಬಿ. ಇದರಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಪರೀಕ್ಷೆಗೆ ಹೋಗುವಾಗ ಒರಿಜಿನಲ್ ಐಡಿ ಇರಲಿ, ಮೊಬೈಲ್ ಬೇಡ. ಮದುವೆ ಸೀಸನ್ ಅಲ್ವಾ, ಮೆಹಂದಿ ಹಾಕಿಸಿಕೊಳ್ಳಬೇಡಿ, ಬೆರಳಚ್ಚು ಸರಿಯಾಗಿ ಬರದೇ ಹೋಗಬಹುದು. ಡೌಟ್ ಇದ್ದವರು ಇಲ್ಲೇ ಕೇಳಿ, ರಾತ್ರಿ ಒಂಬತ್ತರ ಮೇಲೆ ಉತ್ತರ ಹಾಕುತ್ತೇನೆ.