ಬೆಂಚಿನಲ್ಲಿ ಕಾದು ಕುಳಿತವರಿಗೆ

34 ವರ್ಷ ಪ್ರೌಢಶಾಲಾ ಫುಟ್‌ಬಾಲ್ ತಂಡದ ತರಬೇತುದಾರನಾಗಿದ್ದು ಕಳೆದ ವಾರ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಗಂಟಲು ಕಟ್ಟಿ ಹೇಳಲಾಗದೆ ಉಳಿದ ಮಾತುಗಳಿವು.

ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಲ್ಲಿ ಬಂದಾಗ ನಾನಿನ್ನೂ ಹೊಸಬ. ಕೀಪರ್‌ಗೆ ಕಾಲಿನಾಟ ಕಲಿಸುವ ಬಗೆ ನನಗೇ ತಿಳಿದಿರಲಿಲ್ಲ. ಉಳಿದವರೆಲ್ಲ ಮನೆಗೆ ಹೋದ ಮೇಲೆ ನಾವಿಬ್ಬರೂ ಗೋಡೆಗೆ ಚೆಂಡು ಒದೆಯುತ್ತ ಕೂಡಿಯೇ ಕಲಿತೆವು. ಗುರುವಿನ ಅರಿವುಗೇಡನ್ನು ಅಷ್ಟು ತಾಳ್ಮೆಯಿಂದ ಸಹಿಸಿದ ಆ ಹುಡುಗನಿಗೆ ನನ್ನ ಮೊದಲ ನಮಸ್ಕಾರ.

ಇನ್ನೊಬ್ಬರ ಋಣ ಇದಕ್ಕಿಂತ ದೊಡ್ಡದು. ಒಂದು ಪಂದ್ಯದಲ್ಲಿ ಹೆಡ್ ಮಾಡಲು ಹಾರಿದ ಇಬ್ಬರ ತಲೆಗಳು ಡಿಕ್ಕಿಯಾದವು. ನಮ್ಮ ಹುಡುಗ ಕೆಲವು ಕ್ಷಣ ಮಂಕಾಗಿದ್ದರೂ, ಎದ್ದು ನಿಂತನೆಂಬ ಒಂದೇ ಕಾರಣಕ್ಕೆ ನಾನು ಅವನನ್ನು ಆಟ ಮುಗಿಯುವವರೆಗೆ ಆಡಿಸಿದೆ. ಮರುದಿನ ಅವನ ತಾಯಿ ಬಂದು, ದನಿಯೇರಿಸದೆ, "ಸರ್, ನಿಮ್ಮ ಮಗನಾಗಿದ್ದರೆ ಆಡಿಸುತ್ತಿದ್ದಿರಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತಲೆಗೆ ಪೆಟ್ಟು ಬಿದ್ದ ಸಂದೇಹ ಬಂದರೂ ಸಾಕು, ಆಟಗಾರನನ್ನು ಹೊರಗೆ ಕರೆದು ಆ ದಿನ ಮತ್ತೆ ಇಳಿಸಬಾರದೆಂಬುದನ್ನು ಈಗ ಎಲ್ಲ ತರಬೇತುದಾರರಿಗೂ ಹೇಳಿಕೊಡುತ್ತಾರೆ. ನನಗೆ ಅದನ್ನು ಕಲಿಸಿದವರು ಆ ತಾಯಿ. ಹುಡುಗನಿಗೆ ಏನೂ ಆಗಲಿಲ್ಲವೆಂಬುದು ನನ್ನ ಪುಣ್ಯ.

ಮಳೆ ನಿಂತ ಮರುಗಳಿಗೆಯೇ ಸುಣ್ಣದ ಗೆರೆಗಳನ್ನು ಮತ್ತೆ ಎಳೆಯುತ್ತಿದ್ದ ಮೈದಾನದ ಸಿಬ್ಬಂದಿಗೂ, ರಜೆಯ ದಿನಗಳನ್ನೆಲ್ಲ ಪಂದ್ಯಗಳಿಗೆ ಬಿಟ್ಟುಕೊಟ್ಟ ನನ್ನ ಹೆಂಡತಿ ಮಕ್ಕಳಿಗೂ ನಾನು ಋಣಿ.

ಕೊನೆಯದಾಗಿ, ಪಂದ್ಯದ ದಿನ ಕಣಕ್ಕಿಳಿಯದ ಹುಡುಗರಿಗೆ. ಶಾಲಾ ತಂಡವೆಂದರೆ ಪ್ರತಿ ವರ್ಷ ಹಿರಿಯರು ಹೊರಟುಹೋಗಿ ಮತ್ತೆ ಬುಡದಿಂದ ಕಟ್ಟಬೇಕಾದದ್ದು. ಅಭ್ಯಾಸದಲ್ಲಿ ಎದುರಾಳಿಗಳಂತೆ ಆಡಿ, ಆ ಹನ್ನೊಂದು ಮಂದಿಯನ್ನು ವಾರವಿಡೀ ಹಣ್ಣುಗಾಯಿ ಮಾಡಿ ಗಟ್ಟಿಗೊಳಿಸಿದವರು ನೀವು. ನಿಮ್ಮಲ್ಲಿ ಕೆಲವರಿಗೆ ಒಂದು ಪಂದ್ಯವನ್ನೂ ಕೊಡಲಾಗಲಿಲ್ಲವೆಂಬ ಕೊರಗು ನನಗಿದೆ. ಪದಕ, ಫಲಕಗಳನ್ನೆಲ್ಲ ಶಾಲೆಯಲ್ಲಿಯೇ ಬಿಟ್ಟು ಬಂದಿದ್ದೇನೆ. ಅಭ್ಯಾಸದ ಹಾಜರಿ ಪುಸ್ತಕಗಳನ್ನು ಮಾತ್ರ ಕೇಳಿ ಪಡೆದು ಮನೆಗೆ ತಂದೆ. ಅವುಗಳಲ್ಲಿ ನಿಮ್ಮೆಲ್ಲರ ಹೆಸರುಗಳೂ ಇವೆ.